ರಿಟೈರ್ ಆದ ಮೇಲೆ ಕೆನಡಾದಲ್ಲಿರುವ ಮಗಳ ಹತ್ತಿರ ಹೋಗಿ ನೆಲೆಸಬೇಕೆಂದಿದ್ದೇವೆ. ಇಲ್ಲಿನ ಮನೆ ಮಾರಬಹುದಾ? ವೀಸಾ, ಆಸ್ಪತ್ರೆ ಖರ್ಚು ಹೇಗೆ?

ನಮಸ್ಕಾರ ಸರ್. ನೀವು ಶಿಡ್ಲಘಟ್ಟದವರು, ಮುಂದಿನ ಮೇ ತಿಂಗಳಲ್ಲಿ ರಿಟೈರ್ ಆಗುತ್ತೀರಿ, ನಿಮ್ಮ ಮನೆಯವರಿಗೆ ಶುಗರ್ ಇದೆ, ಮಗಳು ಟೊರೊಂಟೊ ಹತ್ತಿರ ಇದ್ದಾಳೆ ಅಂತ ಬರೆದಿದ್ದೀರಿ. ನಾನು ಚಿಕ್ಕಬಳ್ಳಾಪುರದವನು, ಹೈಸ್ಕೂಲ್ ಮೇಷ್ಟ್ರಾಗಿದ್ದೆ. ನನ್ನ ಮಗನೂ ಆ ಕಡೆಯೇ ಇದ್ದಾನೆ. ಅವನ ಮನೆಯಲ್ಲಿ ಹತ್ತು ತಿಂಗಳು ಇದ್ದು ಬಂದೆವು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮನೆ ಮಾರಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ನೀವು ಕೇಳುತ್ತಿರುವ ಸೂಪರ್ ವೀಸಾ ನೆಲೆಸುವ ವೀಸಾ ಅಲ್ಲ. ಅದು ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಕೊಡುವ ದೀರ್ಘಕಾಲದ ವಿಸಿಟರ್ ವೀಸಾ. 10 ವರ್ಷದವರೆಗೆ ಹೋಗಿ ಬಂದು ಮಾಡಬಹುದು. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು, ಮೊದಲು 2 ವರ್ಷ ಇತ್ತು. ಐದು ವರ್ಷ ಅಂದ ತಕ್ಷಣ ಅಲ್ಲಿನವರೇ ಆಗಿಬಿಟ್ಟೆವು ಅನ್ನಿಸುತ್ತದೆ, ಅಲ್ವಾ? ಆದರೆ ಎಷ್ಟು ದಿನ ಇದ್ದರೂ ನೀವು ಅತಿಥಿಗಳೇ. ಮಗಳಿಗೆ ಸಿಗುವ ಸರ್ಕಾರಿ ಹೆಲ್ತ್ ಕಾರ್ಡ್ ನಿಮಗೆ ಸಿಗುವುದಿಲ್ಲ.

ಅಪ್ಪ ಅಮ್ಮನಿಗೆ ಪಿ.ಆರ್. (ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಕೊಡುವ ಯೋಜನೆ ಬೇರೆ ಇದೆ. ಅದು ಲಾಟರಿ ಥರ. 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ 2025ರವರೆಗೂ ಕರೆದಿದ್ದಾರೆ. ಕರೆ ಬಂದರೂ ಮಗಳು 20 ವರ್ಷ ನಿಮ್ಮ ಖರ್ಚಿನ ಹೊಣೆ ಹೊರುತ್ತೇನೆ ಅಂತ ಬರೆದುಕೊಡಬೇಕು. ಅದನ್ನು ನಂಬಿಕೊಂಡು ಇಲ್ಲಿ ಸೈಟು ಮನೆ ಕಳೆದುಕೊಳ್ಳುವುದು ಬೇಡ.

ಸೂಪರ್ ವೀಸಾಕ್ಕೆ ಮಗಳು ಪಿ.ಆರ್. ಅಥವಾ ಸಿಟಿಜನ್ ಆಗಿರಬೇಕು. ಬರೀ ವರ್ಕ್ ಪರ್ಮಿಟ್ ಇದ್ದರೆ ಆಗುವುದಿಲ್ಲ. ಅವರ ಆದಾಯ ಕನಿಷ್ಠ ಇಷ್ಟಿರಬೇಕು ಅಂತಲೂ ಇದೆ. ಆ ಲೆಕ್ಕದಲ್ಲಿ ಮಗಳು, ಅಳಿಯ, ಮೊಮ್ಮಕ್ಕಳ ಜೊತೆಗೆ ನಿಮ್ಮಿಬ್ಬರ ತಲೆಯನ್ನೂ ಸೇರಿಸುತ್ತಾರೆ. ವೈದ್ಯಕೀಯ ಪರೀಕ್ಷೆಯನ್ನು ಕೆನಡಾ ಸರ್ಕಾರ ಒಪ್ಪಿದ ಡಾಕ್ಟರ ಹತ್ತಿರವೇ ಮಾಡಿಸಬೇಕು. ಬೆಂಗಳೂರಿನಲ್ಲಿ ಅಂಥವರಿದ್ದಾರೆ. ಬಯೋಮೆಟ್ರಿಕ್ ಕೂಡ ಬೆಂಗಳೂರಿನಲ್ಲೇ ಆಗುತ್ತದೆ.

ದಾಖಲೆಯಲ್ಲಿ ನಮಗೆ ತೊಂದರೆ ಕೊಟ್ಟದ್ದು ಇನಿಷಿಯಲ್. ಮಗನ ಜನನ ಪ್ರಮಾಣ ಪತ್ರದಲ್ಲಿ ನನ್ನ ಹೆಸರಿನ ಮುಂದೆ ಎರಡು ಅಕ್ಷರ, ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಅದೇ ಎರಡು ಅಕ್ಷರ ಊರ ಹೆಸರು, ತಂದೆ ಹೆಸರು ಅಂತ ಪೂರ್ತಿ ಬಿಡಿಸಿಕೊಂಡಿದೆ. ಓದುವವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಎರಡೂ ಒಬ್ಬನದೇ ಹೆಸರು ಅಂತ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು. ನಿಮ್ಮದನ್ನೂ ಇವತ್ತೇ ತೆಗೆದು ನೋಡಿಕೊಳ್ಳಿ.

ಈಗ ಇನ್ಶೂರೆನ್ಸ್. ನಿಮಗೆ ಬರೆಯಲೇಬೇಕು ಅಂತ ಕೂತದ್ದೇ ಇದಕ್ಕೆ.

ಸರ್ಕಾರದ ನಿಯಮ ಸುಲಭವಾಗಿದೆ. ಒಬ್ಬೊಬ್ಬರಿಗೂ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಕವರ್ ಇರಬೇಕು. ಅಲ್ಲಿ ಕಾಲಿಟ್ಟ ದಿನದಿಂದ ಕನಿಷ್ಠ 1 ವರ್ಷ ನಡೆಯಬೇಕು. ಚಿಕಿತ್ಸೆ, ಆಸ್ಪತ್ರೆ ವಾಸ, ಊರಿಗೆ ವಾಪಸ್ ಕಳಿಸುವ ಖರ್ಚು ಸೇರಿರಬೇಕು. ಮೊದಲು ಕೆನಡಾದ ಕಂಪನಿಯ ಪಾಲಿಸಿಯೇ ಆಗಬೇಕಿತ್ತು. 2025ರ ಜನವರಿಯಿಂದ ಅಲ್ಲಿನ ನಿಯಂತ್ರಕರ ಅನುಮತಿ ಪಡೆದ ಹೊರದೇಶದ ಕಂಪನಿಯದ್ದೂ ನಡೆಯುತ್ತದೆ. ವೀಸಾಕ್ಕೆ ಇಷ್ಟಿದ್ದರೆ ಸಾಕು. ಆದರೆ ನಿಮ್ಮ ಮನೆಯವರ ಶುಗರ್ ಆ ಪಾಲಿಸಿಯಲ್ಲಿ ನಿಜವಾಗಿ ಕವರ್ ಆಗುತ್ತದಾ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

ನೋಡಬೇಕಾದ ಪದ ಒಂದೇ, ‘ಸ್ಟೇಬಲ್’. ಮೊದಲಿಂದ ಇರುವ ಕಾಯಿಲೆ ಕವರ್ ಆಗಬೇಕಾದರೆ ಪಾಲಿಸಿ ಶುರುವಾಗುವ ಮುಂಚೆ ಅದು 90 ದಿನವೋ 180 ದಿನವೋ ಸ್ಟೇಬಲ್ ಆಗಿರಬೇಕು ಅಂತ ಇರುತ್ತದೆ. ನಮ್ಮ ಡಾಕ್ಟರು ‘ಬಿ.ಪಿ. ಸ್ಟೇಬಲ್ ಆಗಿದೆ’ ಅಂದರೆ ಹತೋಟಿಯಲ್ಲಿದೆ ಅಂತ ಅರ್ಥ. ಪಾಲಿಸಿಯಲ್ಲಿ ಹಾಗಲ್ಲ. ಅಷ್ಟು ದಿನ ಹೊಸ ಮಾತ್ರೆ ಬಂದಿರಬಾರದು, ಡೋಸ್ ಬದಲಾಗಿರಬಾರದು, ಹೊಸ ಲಕ್ಷಣ ಕಾಣಿಸಿರಬಾರದು. ಡೋಸ್ ಕಡಿಮೆ ಮಾಡಿದ್ದರೂ ಎಷ್ಟೋ ಪಾಲಿಸಿಗಳಲ್ಲಿ ಅದು ಬದಲಾವಣೆಯೇ.

ನಾವು 2023ರ ಮೇ ತಿಂಗಳಲ್ಲಿ ಹೊರಟೆವು. ಮಾರ್ಚ್ ಕೊನೆಯಲ್ಲಿ ನನ್ನ ಹೆಂಡತಿಯ ಬಿ.ಪಿ. ಸ್ವಲ್ಪ ಜಾಸ್ತಿ ಬಂತು. ಡಾಕ್ಟರು ಟೆಲ್ಮಿಸಾರ್ಟನ್ 40 ಇದ್ದದ್ದನ್ನು 80 ಮಾಡಿದರು. ಸರಿಯಾಗಿಯೇ ಮಾಡಿದರು. ಬಿ.ಪಿ. ಇಳಿಯಿತು, ನಾವು ನಿಶ್ಚಿಂತೆಯಿಂದ ವಿಮಾನ ಹತ್ತಿದೆವು. ಅಲ್ಲಿ ಹೋಗಿ ಮೂರು ವಾರಕ್ಕೆ ಒಂದು ರಾತ್ರಿ ಅವಳಿಗೆ ತಲೆ ಸುತ್ತು, ಎದೆ ಹಿಡಿದ ಹಾಗೆ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ದೇವರ ದಯೆ, ಹೃದಯಕ್ಕೆ ಏನೂ ಆಗಿರಲಿಲ್ಲ. ಬಿಲ್ ಒಂಬತ್ತು ಸಾವಿರ ಡಾಲರ್ ದಾಟಿತು. ನಮ್ಮ ಲೆಕ್ಕದಲ್ಲಿ ಐದೂವರೆ ಲಕ್ಷ.

ಇನ್ಶೂರೆನ್ಸ್‌ನವರು ಇಲ್ಲಿನ ಚೀಟಿಗಳನ್ನೆಲ್ಲ ತರಿಸಿಕೊಂಡರು. ಎರಡು ತಿಂಗಳಾದ ಮೇಲೆ ಇಲ್ಲ ಅಂತ ಪತ್ರ ಬಂತು. ನಮ್ಮ ಪಾಲಿಸಿಯಲ್ಲಿ 180 ದಿನ ಅಂತ ಇತ್ತು. ಆ ಮಾರ್ಚ್ ತಿಂಗಳ ಚೀಟಿ ಈಗಲೂ ನನ್ನ ಫೈಲಿನಲ್ಲಿದೆ. ನೀಲಿ ಇಂಕಿನಲ್ಲಿ 40 ಅಂತ ಬರೆದು, ಗೀಟು ಹೊಡೆದು, ಪಕ್ಕದಲ್ಲಿ 80 ಅಂತ ಬರೆದಿದ್ದಾರೆ. ಆ ಗೀಟಿನ ಮೇಲೇ ಎಲ್ಲ ನಿಂತುಹೋಯಿತು. ಮಗ ಒಂದು ಮಾತೂ ಆಡದೆ ಕಂತಿನಲ್ಲಿ ಕಟ್ಟಿದ. ಅವನು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹಾಗಂತ ಬೇಕಾದ ಔಷಧಿಯನ್ನು ಬೇಡ ಅನ್ನಬೇಡಿ, ದಯವಿಟ್ಟು. ಬದಲಿಸಬೇಕಾದರೆ ಬದಲಿಸಿ, ಪ್ರಯಾಣವನ್ನು ಮುಂದಕ್ಕೆ ಹಾಕಿ. ಪೂರ್ತಿ ಚೆಕಪ್ಪನ್ನು ಹೊರಡುವ ಎಂಟು ತಿಂಗಳು ಮುಂಚೆಯೇ ಮಾಡಿಸಿ. ಆಗ ಡೋಸ್ ಬದಲಾದರೂ ಆರು ತಿಂಗಳು ಕೈಯಲ್ಲಿರುತ್ತದೆ. ಪಾಲಿಸಿ ತಗೊಳ್ಳುವಾಗ ಆರೋಗ್ಯದ ಪ್ರಶ್ನೆಗಳಿಗೆ ನೆನಪಿನಿಂದ ಉತ್ತರ ಬರೆಯಬೇಡಿ, ಚೀಟಿಗಳನ್ನು ಎದುರಿಗಿಟ್ಟುಕೊಂಡು ಬರೆಯಿರಿ. ‘ಈ ಶುಗರ್, ಈ ಮಾತ್ರೆ, ಈ ದಿನದಿಂದ ಬದಲಾಗಿಲ್ಲ, ಇದು ಕವರ್ ಆಗುತ್ತದಾ?’ ಅಂತ ಏಜೆಂಟರಿಗೆ ಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಕ್ಲೇಮ್ ದಿನ ಇರುವುದಿಲ್ಲ.

ಈ ಪಾಲಿಸಿಗಳು ಸಾಮಾನ್ಯವಾಗಿ ತುರ್ತು ಚಿಕಿತ್ಸೆಗೆ ಮಾತ್ರ. ತಿಂಗಳ ಶುಗರ್ ಟೆಸ್ಟು, ದಿನದ ಮಾತ್ರೆ, ಕಣ್ಣಿನ ಪರೀಕ್ಷೆ ಇವೆಲ್ಲ ಕೈಯಿಂದಲೇ. ಮಾತ್ರೆಯನ್ನು ಇಲ್ಲಿಂದ 90 ದಿನಕ್ಕಾಗುವಷ್ಟು ತಗೊಂಡು ಹೋಗಬಹುದು. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ, ಡಾಕ್ಟರ ಚೀಟಿ ಜೊತೆಗಿರಲಿ. ಆಮೇಲೆ ಅಲ್ಲೇ ಡಾಕ್ಟರನ್ನು ನೋಡಿ ಬರೆಸಿಕೊಳ್ಳಬೇಕು, ಅದರ ಫೀಸೂ ನಿಮ್ಮದೇ. ನಾವು ಹತ್ತು ತಿಂಗಳಿಗೆ ವಾಪಸ್ ಬಂದದ್ದಕ್ಕೆ ಇದೂ ಒಂದು ಕಾರಣ.

ಹಾಗೆಯೇ ಇಲ್ಲಿನ ಆರೋಗ್ಯ ವಿಮೆ ಕಟ್ಟುವುದನ್ನು ನಿಲ್ಲಿಸಬೇಡಿ. ಸುಮ್ನೆ ದುಡ್ಡು ದಂಡ ಅನ್ನಿಸಬಹುದು. ಆದರೆ ಬಿಟ್ಟು ಮತ್ತೆ ಹೊಸದಾಗಿ ತಗೊಂಡರೆ, ಮೊದಲಿಂದ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ವಾಪಸ್ ಬರುವ ವಯಸ್ಸಿನಲ್ಲಿ ಆ ಮೂರು ವರ್ಷವೇ ಭಾರ. ಪೆನ್ಶನ್‌ಗೆ ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲ, ಅಲ್ಲಿದ್ದರೆ ಟೊರೊಂಟೊದ ಭಾರತೀಯ ಕಾನ್ಸುಲೇಟ್‌ನಲ್ಲಿ ಮಾಡಿಸಬಹುದು. ಹೊರಡುವ ಮುಂಚೆ ನಿಮ್ಮ ಬ್ಯಾಂಕಿನಲ್ಲಿ ಒಂದು ಮಾತು ಕೇಳಿಕೊಂಡಿರಿ.

ಅಮೆರಿಕದಲ್ಲಿ ಹೇಗೆ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲಿ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 6 ತಿಂಗಳು. ಮಕ್ಕಳು ಸಿಟಿಜನ್ ಆಗಿದ್ದು 21 ದಾಟಿದ್ದರೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಬಹುದು. ಆದರೆ ಅಲ್ಲಿ ಕೆಲಸ ಮಾಡದವರಿಗೆ ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಸೇರಲು 65 ತುಂಬಿರಬೇಕು, ಗ್ರೀನ್ ಕಾರ್ಡ್ ಮೇಲೆ 5 ವರ್ಷ ಒಂದೇ ಸಮನೆ ಅಲ್ಲೇ ಇದ್ದಿರಬೇಕು. ಆಮೇಲೂ ಅದು ಬಿಟ್ಟಿಯಲ್ಲ, ಪ್ರೀಮಿಯಂ ಕಟ್ಟಬೇಕು.

ಇಷ್ಟೆಲ್ಲ ಹೇಳಿದ್ದು ಹೋಗಬೇಡಿ ಅಂತಲ್ಲ ಸರ್. ಮೊಮ್ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವ ಆ ಹತ್ತು ನಿಮಿಷದ ದಾರಿಗೆ ನಾನು ಇವತ್ತೂ ಹಂಬಲಿಸುತ್ತೇನೆ. ಮನೆ ಬಾಡಿಗೆಗೆ ಕೊಡಿ, ಒಂದು ರೂಮಿಗೆ ನಿಮ್ಮ ಬೀಗ ಹಾಕಿಕೊಂಡು ಹೊರಡಿ. ನಾವೂ ಮತ್ತೆ ಹೋಗುತ್ತಿದ್ದೇವೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅವಳ ಮಾತ್ರೆ ಕೊನೆಯ ಸಲ ಬದಲಾದ ದಿನಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ಇವತ್ತಿಗೆ ನೂರ ಅರವತ್ತೆರಡು ದಿನ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.