ಸಂಬಳ ಏರಿಸಿದೆ, ಕೆಲಸ ಏಕೆ ಏರಲಿಲ್ಲ?

ಪತ್ರದ ಸಾರ: ಹೊಲಿಗೆ ಘಟಕ ನಡೆಸುವ ಓದುಗರೊಬ್ಬರು ಆರು ತಿಂಗಳ ಹಿಂದೆ ಎಲ್ಲರ ಸಂಬಳವನ್ನೂ ಶೇ. 15ರಷ್ಟು ಏರಿಸಿದರು. ಮೂರು ವಾರ ಕೆಲಸ ಚುರುಕಾಯಿತು, ಆಮೇಲೆ ಮೊದಲಿನಂತೆಯೇ. ಅಷ್ಟರಲ್ಲಿ ಅಕ್ಕಪಕ್ಕದ ಘಟಕಗಳೂ ಸಂಬಳ ಏರಿಸಿದವು. ‘ಬೇರೆಡೆಗಿಂತ ಹೆಚ್ಚು ಸಂಬಳ ಕೊಟ್ಟರೆ ಕೆಲಸವೂ ಹೆಚ್ಚುತ್ತದೆ ಎನ್ನುವ ದಕ್ಷತಾ ವೇತನ ಪುಸ್ತಕಕ್ಕಷ್ಟೇ ಸರಿಯೇ? ಕೊಟ್ಟಿದ್ದನ್ನು ಇಳಿಸಿಬಿಡಲೇ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಅಕ್ಕಪಕ್ಕದವರೂ ಏರಿಸಿದರು ಎಂದು ನೀವೇ ಬರೆದಿದ್ದೀರಿ. ಉತ್ತರದ ಅರ್ಧಭಾಗ ಅಲ್ಲೇ ಇದೆ. ದಕ್ಷತಾ ವೇತನದಲ್ಲಿ ಪರಿಣಾಮ ಬೀರುವುದು ಸಂಬಳದ ಮೊತ್ತವಲ್ಲ, ಹೊರಗೆ ಸಿಗುವ ಸಂಬಳಕ್ಕೂ ನಿಮ್ಮದಕ್ಕೂ ಇರುವ ಅಂತರ. ಆ ಅಂತರ ನಿಮ್ಮಲ್ಲಿ ಒಂದೇ ತಿಂಗಳಲ್ಲಿ ಕರಗಿತು.

1984ರಲ್ಲಿ ಅರ್ಥಶಾಸ್ತ್ರಜ್ಞರಾದ ಶಪಿರೊ ಮತ್ತು ಸ್ಟಿಗ್ಲಿಟ್ಜ್ ಇದನ್ನು ಲೆಕ್ಕಕ್ಕಿಳಿಸಿದರು. ಮೈಗಳ್ಳತನವನ್ನು ತಡೆಯುವುದು ಎರಡರ ಗುಣಾಕಾರ: ಸಿಕ್ಕಿಬೀಳುವ ಸಾಧ್ಯತೆ ಮತ್ತು ಕೆಲಸ ಹೋದರೆ ಆಗುವ ನಷ್ಟ. ಸಿಕ್ಕಿಬೀಳುವ ಸಾಧ್ಯತೆ ಅರ್ಧಕ್ಕಿಳಿದರೆ, ಅಷ್ಟೇ ಅಂಜಿಕೆ ಉಳಿಯಲು ನಷ್ಟ ಎರಡರಷ್ಟಾಗಬೇಕು. ಯಾರ ಹೊಲಿಗೆ ಯಾವುದೆಂದು ನಿಮ್ಮಲ್ಲಿ ಗುರುತೇ ಇಲ್ಲದೆ ಎಲ್ಲವೂ ಒಂದೇ ರಾಶಿಗೆ ಬೀಳುತ್ತಿದ್ದರೆ, ಎಷ್ಟು ಏರಿಸಿದರೂ ಸಾಲದು. ಮೊದಲು ಒಬ್ಬೊಬ್ಬರು ಹೊಲಿದ ಕಟ್ಟುಗಳಿಗೂ ಸಂಖ್ಯೆ ಹಾಕಿ.

ಮೂರು ವಾರದ ಚುರುಕು ಸುಳ್ಳಲ್ಲ, ಅದು ಕೃತಜ್ಞತೆ. ಆದರೆ ಅದಕ್ಕೆ ಆಯುಸ್ಸು ಕಡಿಮೆ. ಅರ್ಥಶಾಸ್ತ್ರಜ್ಞರಾದ ಗ್ನೀಜಿ ಮತ್ತು ಲಿಸ್ಟ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗ್ರಂಥಾಲಯದ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ತುಂಬಿಸಲು ಗಂಟೆಗೆ 12 ಡಾಲರ್ ಎಂದು ಕರೆದು, ಕೆಲವರಿಗೆ ಬಂದ ಮೇಲೆ 20 ಎಂದರು. ಮೊದಲ 90 ನಿಮಿಷ ಅವರು ಉಳಿದವರಿಗಿಂತ ಹೆಚ್ಚು ತುಂಬಿಸಿದರು. ಆಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ.

ಎಷ್ಟು ಏರಿಸಬೇಕು ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಸೋಲೋ 1979ರಲ್ಲಿ ಕೊಟ್ಟ ಅಳತೆ ಸರಳ. ಸಂಬಳ 100 ಇದ್ದಾಗ ಒಬ್ಬರಿಂದ 50 ಉಡುಪು ಬಂದರೆ, ಉಡುಪೊಂದಕ್ಕೆ ಖರ್ಚು 2. ಸಂಬಳ 110ಕ್ಕೆ 60 ಬಂದರೆ 1.83ಕ್ಕಿಳಿಯಿತು, ಲಾಭ. 120 ಕೊಟ್ಟೂ 62 ಮಾತ್ರ ಬಂದರೆ 1.94, ಅಂದರೆ ದಾಟಿ ಹೋದಿರಿ. ಸಂಬಳ ಶೇಕಡಾ ಒಂದು ಏರಿದಾಗ ಕೆಲಸವೂ ಶೇಕಡಾ ಒಂದೇ ಏರುವ ಜಾಗದಲ್ಲಿ ನಿಲ್ಲಬೇಕು.

ಆದರೆ ಉಡುಪಿನ ಎಣಿಕೆಯೊಂದನ್ನೇ ನೋಡಬೇಡಿ. ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ದಿನಗೂಲಿಯನ್ನು 5 ಡಾಲರಿಗೆ ಏರಿಸಿದಾಗ ದೊಡ್ಡ ಫಲ ಕಂಡದ್ದು ಹಾಜರಿ ಪುಸ್ತಕದಲ್ಲಿ. ಬಿಟ್ಟುಹೋಗುವವರ ಪ್ರಮಾಣ 1913ರಲ್ಲಿ ಶೇ. 370 ಇತ್ತು, ಎಂದರೆ ನೂರು ಜಾಗ ತುಂಬಿರಿಸಲು ವರ್ಷಕ್ಕೆ 370 ಜನರನ್ನು ಸೇರಿಸಿಕೊಳ್ಳಬೇಕಿತ್ತು. 1915ಕ್ಕೆ ಅದು ಶೇ. 16ಕ್ಕಿಳಿಯಿತು. (ಆ 5 ಡಾಲರಿನ ಸುಮಾರು ಅರ್ಧ ಸಿಗಬೇಕಾದರೆ ಕಂಪನಿಯ ತನಿಖಾಧಿಕಾರಿಗಳು ಮನೆಗೇ ಬಂದು ನಡತೆ ಒಪ್ಪಬೇಕಿತ್ತು. ಆ ಭಾಗವನ್ನು ಯಾರೂ ಅನುಕರಿಸಬಾರದು.) ನಿಮ್ಮಲ್ಲಿ ಈ ಆರು ತಿಂಗಳಲ್ಲಿ ಎಷ್ಟು ಜನ ಬಿಟ್ಟರು, ಹೊಸಬರು ಕೈ ಕುದುರಿಸಿಕೊಳ್ಳಲು ಎಷ್ಟು ವಾರ ಬೇಕಾಯಿತು, ಅಷ್ಟರಲ್ಲಿ ಎಷ್ಟು ಬಟ್ಟೆ ಹಾಳಾಯಿತು? ಏರಿಸುವ ಮುಂಚಿನ ಆರು ತಿಂಗಳ ಜೊತೆ ಇದನ್ನು ಹೋಲಿಸಿ ನೋಡಿ.

ಇಳಿಸುವುದನ್ನು ಮಾತ್ರ ಖಂಡಿತ ಮಾಡಬೇಡಿ. 2013ರಲ್ಲಿ ಕ್ಯೂಬೆ, ಮಾರೆಶಾಲ್, ಪುಪ್ಪೆ ಪ್ರಕಟಿಸಿದ, ಆ ಗ್ರಂಥಾಲಯದಂಥದೇ ಪ್ರಯೋಗದಲ್ಲಿ ನಿರೀಕ್ಷಿಸಿದ್ದ 15 ಯೂರೋ 20 ಆದಾಗ ಕೆಲಸ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. 10ಕ್ಕಿಳಿದಾಗ ಮಾತ್ರ ಐದನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಕೊಟ್ಟದ್ದು ಹಾಗೇ ಇರಲಿ. ಮುಂದಿನ ಏರಿಕೆಯನ್ನು ಎಲ್ಲರಿಗೂ ಒಟ್ಟಿಗೆ ಹಂಚದೆ, ಒಂದು ವರ್ಷ ಉಳಿದವರಿಗೆ ಎಂದು ಮೊದಲೇ ಹೇಳಿ ಕೊಡಿ.