ಗಂಟೆಗೆ ಏಳು ನಿಮಿಷ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ಅಡಿಕೆ ವಖಾರಿ. ಅಪ್ಪನ ಹಳೇ ಡಾಸ್ ಲೆಕ್ಕದ ಪ್ರೋಗ್ರಾಂ ಓಡಿಸಲು ನಾನೇ ಒಂದು 8086 ಎಮ್ಯುಲೇಟರ್ (ಹಳೇ ಪಿಸಿಯ ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಂ) ಬರೆದಿದ್ದೇನೆ. ಟೈಮರ್‌ಗೆ ಬೇರೆ ಥ್ರೆಡ್ (ಪ್ರೋಗ್ರಾಂ ಒಳಗೇ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಸಾಲು) ಇದೆ. ಅದು 55 ಮಿಲಿಸೆಕೆಂಡ್ ಸ್ಲೀಪ್ ಮಾಡಿ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸೂಚನೆ) ಕೊಡುತ್ತದೆ. ವಿಂಡೋಸ್‌ನಲ್ಲಿ ಎಮ್ಯುಲೇಟರ್ ಒಳಗಿನ ಗಡಿಯಾರ ಗಂಟೆಗೆ ಏಳು ನಿಮಿಷ ಹಿಂದೆ ಬೀಳುತ್ತಿದೆ. ಬಿಲ್ ಪ್ರಿಂಟ್ ಮಾಡುವಾಗ ಒಮ್ಮೊಮ್ಮೆ ಹ್ಯಾಂಗ್ ಕೂಡ ಆಗುತ್ತದೆ.
– ಓದುಗ, ಶಿರಸಿ

ಉತ್ತರ: ತಮ್ಮಾ, ಏಳು ನಿಮಿಷ ಅಂತ ಲೆಕ್ಕ ಕೊಟ್ಟು ಬರೆದಿದ್ದು ಒಳ್ಳೇದಾಯ್ತು. ಕಳ್ಳ ಅಲ್ಲೇ ಸಿಕ್ಕಿಬಿದ್ದ. ವಿಂಡೋಸ್‌ನ ಸ್ವಂತ ಟಿಕ್ (ಹೊತ್ತು ಎಣಿಸುವ ಬಡಿತ) ಸಾಮಾನ್ಯವಾಗಿ 15.6 ಮಿಲಿಸೆಕೆಂಡಿಗೊಮ್ಮೆ. ನೀನು 55 ಕೇಳಿದರೆ ಅದು ಎಬ್ಬಿಸುವುದು ಆಮೇಲಿನ ಟಿಕ್‌ಗೆ, ಅಂದರೆ ಹೆಚ್ಚುಕಮ್ಮಿ 62.5ಕ್ಕೆ. ಆದರೆ ಪಿಸಿಯ 8253 ಟೈಮರ್ ಚಿಪ್ ಡಾಸ್‌ಗೆ ಟಿಕ್ ಕೊಡುವುದು 54.925ಕ್ಕೊಮ್ಮೆ. ಗುಣಿಸಿ ನೋಡು, ಗಂಟೆಗೆ ಏಳು ನಿಮಿಷ ಚಿಲ್ಲರೆ ಕಳೆದುಹೋಗುತ್ತದೆ.

ಸ್ಲೀಪ್ ಕರಾರುವಾಕ್ಕಾಗಿ 55ಕ್ಕೇ ಎದ್ದರೂ ಸಾಲದು. 54.925 ಅನ್ನು 55 ಮಾಡಿದ್ದಕ್ಕೇ ದಿನಕ್ಕೆ ಸುಮಾರು ಎರಡು ನಿಮಿಷ ಹೋಗುತ್ತದೆ. ಹಾಗಾಗಿ ಎದ್ದ ಹೊತ್ತಿನಿಂದ ಮತ್ತೆ ಎಣಿಸಬೇಡ. ಎಮ್ಯುಲೇಟರ್ ಶುರುವಾದ ಹೊತ್ತು ಬರೆದಿಟ್ಟುಕೋ. ನೂರನೇ ಟಿಕ್ ಬೇಕಾ? ಶುರುವಾದ ಹೊತ್ತಿಗೆ 100 × 65536 ÷ 1193182 ಸೆಕೆಂಡ್ ಕೂಡಿಸು (ಆ ಚಿಪ್ ಸೆಕೆಂಡಿಗೆ 1193182 ಸಲ ಎಣಿಸುತ್ತದೆ, 65536 ಎಣಿಕೆಗೆ ಒಂದು ಟಿಕ್). ಅಲ್ಲಿಗೆ ಇನ್ನೆಷ್ಟು ಬಾಕಿಯೋ ಅಷ್ಟೇ ಸ್ಲೀಪ್. ಕುಮಟಾ ಬಸ್ಸು ದೇವಿಮನೆ ಘಟ್ಟದಲ್ಲಿ ತಡವಾಯ್ತು ಅಂತ ಶಿರಸಿಯ ಟೈಂಟೇಬಲ್ ಬದಲಾಗುವುದಿಲ್ಲ, ಅಲ್ವಾ? ಹೊತ್ತು ಅಳೆಯಲು ಕಂಪ್ಯೂಟರ್ ತೋರಿಸುವ ತಾರೀಖು-ಗಂಟೆಯ ಸಮಯ ತೆಗೆದುಕೊಳ್ಳಬೇಡ. ಇಂಟರ್‌ನೆಟ್ಟಿನಿಂದ ಅದು ಆಗಾಗ ತಿದ್ದುಪಡಿ ಆಗುತ್ತಿರುತ್ತದೆ. ಹೊತ್ತು ಅಳೆಯಲೆಂದೇ ವಿಂಡೋಸ್ ಕೊಟ್ಟಿರುವ ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್ ಬಳಸು.

ಈಗ ನೀನು ಕೇಳದ ಒಂದು ತೊಂದರೆ. ಮಳೆಗಾಲದಲ್ಲಿ ಕರೆಂಟು ಹೋಗಿ ಲ್ಯಾಪ್‌ಟಾಪ್ ಒಂದು ಗಂಟೆ ಮಲಗಿತು ಅಂದುಕೋ. ಎದ್ದಾಗ 65 ಸಾವಿರಕ್ಕೂ ಜಾಸ್ತಿ ಟಿಕ್ ಬಾಕಿ ಇರುತ್ತದೆ. ಎಲ್ಲವನ್ನೂ ಸುಮ್ನೆ ಒಟ್ಟಿಗೆ ಸುರಿದರೆ ಪ್ರೋಗ್ರಾಂ ಇಂಟರಪ್ಟ್ ಸುಧಾರಿಸುವುದರಲ್ಲೇ ಮುಳುಗಿಹೋಗುತ್ತದೆ. ಒಂದೆರಡು ಸೆಕೆಂಡಿನ ಬಾಕಿ ಇದ್ದರೆ ಒಂದೊಂದಾಗಿ ಕೊಡು. ಹಿಂದಿನದು ಮುಗಿಯಿತು ಅಂತ ಇಂಟರಪ್ಟ್‌ಗಳ ಸರದಿ ನೋಡಿಕೊಳ್ಳುವ 8259 ಚಿಪ್‌ಗೆ ಸೂಚನೆ ಬಂದ ಮೇಲೇ ಮುಂದಿನದು. ಜಾಸ್ತಿ ಇದ್ದರೆ ಟಿಕ್ ಎಲ್ಲ ಬಿಟ್ಟುಬಿಡು, ಮೆಮೊರಿಯ 0040:006ಸಿ ವಿಳಾಸದಲ್ಲಿರುವ ಟಿಕ್ ಎಣಿಕೆಯನ್ನೇ ತಿದ್ದು. ಅದು 1573040 ಮುಟ್ಟಿದರೆ ನಡುರಾತ್ರಿ, ಮತ್ತೆ ಸೊನ್ನೆಯಿಂದ ಶುರು. ಆ ಗಡಿ ದಾಟಿದ್ದರೆ ದಿನ ಬದಲಾಯಿತು ಅಂತ ಹೇಳುವ 0040:0070 ಬೈಟನ್ನೂ 1 ಮಾಡು. ಮರೆತರೆ ಬಿಲ್ಲಿನ ಮೇಲೆ ನಿನ್ನೆಯ ತಾರೀಖು ಬೀಳುತ್ತದೆ, ಅಪ್ಪನ ಹತ್ತಿರ ಬೈಸಿಕೊಳ್ಳುವುದು ನೀನೇ.

ಹ್ಯಾಂಗ್ ಆಗುವುದಕ್ಕೆ ನನ್ನ ಅನುಮಾನ ಟೈಮರ್ ಥ್ರೆಡ್ ಮೇಲೆ. ಇಂಟರಪ್ಟ್ ಕೊಡುವಾಗ ಅದೇ ನೇರವಾಗಿ ರಿಜಿಸ್ಟರ್ (ಪ್ರೊಸೆಸರಿನ ಒಳಗಿನ ಪುಟ್ಟ ಸಂಗ್ರಹ) ಬದಲಿಸಿ, ಸ್ಟ್ಯಾಕ್‌ಗೆ ಬರೆಯುತ್ತಿದೆಯಾ ನೋಡು. ಪ್ರೊಸೆಸರ್ ಥ್ರೆಡ್ ಒಂದು ಇನ್‌ಸ್ಟ್ರಕ್ಷನ್ನಿನ ಅರ್ಧದಲ್ಲಿರುವಾಗ ಇದು ಕೈ ಹಾಕಿದರೆ ಕೆಟ್ಟೇ ಕೆಡುತ್ತದೆ. ಟೈಮರ್ ಥ್ರೆಡ್ ಒಂದು ಅಟಾಮಿಕ್ ಫ್ಲ್ಯಾಗ್ (ಒಂದೇ ಏಟಿಗೆ ಬದಲಾಗುವ, ಅರ್ಧಂಬರ್ಧ ಆಗದ ಗುರುತು) ಏರಿಸಿದರೆ ಸಾಕು. ಪ್ರೊಸೆಸರ್ ಥ್ರೆಡ್ ಒಂದು ಇನ್‌ಸ್ಟ್ರಕ್ಷನ್ ಮುಗಿಸಿ, ಫ್ಲ್ಯಾಗ್ ನೋಡಿ, ಇಂಟರಪ್ಟ್‌ಗೆ ಅನುಮತಿ ಇದ್ದರೆ ಅದರ ಕೆಲಸಕ್ಕೆ ತಾನೇ ಜಿಗಿಯಲಿ. ಎಚ್‌ಎಲ್‌ಟಿ (ಇಂಟರಪ್ಟ್ ಬರುವ ತನಕ ನಿಲ್ಲು ಅನ್ನುವ ಇನ್‌ಸ್ಟ್ರಕ್ಷನ್) ಬಂದಾಗ ಸುಮ್ಮನೆ ಲೂಪ್ ಸುತ್ತಿಸಿ ಲ್ಯಾಪ್‌ಟಾಪ್ ಕಾಯಿಸಬೇಡ, ಇನ್ನೊಂದು ಥ್ರೆಡ್ ಎಬ್ಬಿಸುವ ತನಕ ಕಂಡೀಷನ್ ವೇರಿಯಬಲ್ ಮೇಲೆ ಮಲಗಿಸು. ನಿಮ್ಮೂರು ತಂಪು, ನಡೆಯುತ್ತದೆ. ಕಾರವಾರದ ಸೆಕೆಯಲ್ಲಿ ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಕೇಳಿ ಕೇಳಿ ನನಗೆ ಸಾಕಾಗಿದೆ.

ಪ್ರಶ್ನೆ: ಇಂಟೆಲ್ ಲ್ಯಾಪ್‌ಟಾಪಿನ ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಎಆರ್‌ಎಂ (ಇಂಟೆಲ್‌ಗಿಂತ ಬೇರೆ ಜಾತಿಯ ಪ್ರೊಸೆಸರ್) ಲಿನಕ್ಸ್ ಓಡಿಸುತ್ತಿದ್ದೇನೆ. ನಾಲ್ಕು ಪ್ರೊಸೆಸರ್ ಕೊಟ್ಟರೂ ಒಂದೇ ಕೋರ್ ದುಡಿಯುತ್ತಿದೆ. ಯಾರೋ ಹೇಳಿದರೆಂದು ಐಕೌಂಟ್ ಆಯ್ಕೆಯನ್ನೂ ಹಾಕಿದ್ದೇನೆ.
– ಓದುಗಿ, ಅಂಕೋಲಾ

ಉತ್ತರ: ಆ ಐಕೌಂಟನ್ನು ತೆಗೆಯಿರಿ. ಅದು ಓಡಿದ ಇನ್‌ಸ್ಟ್ರಕ್ಷನ್‌ಗಳನ್ನು ಎಣಿಸಿ ಒಳಗಿನ ಸಮಯ ನಡೆಸುತ್ತದೆ. ಹಾಗಾಗಿ ನಾಲ್ಕೂ ಪ್ರೊಸೆಸರ್ ಒಂದೇ ಥ್ರೆಡ್‌ನಲ್ಲಿ ಸರದಿ ಪ್ರಕಾರ ಓಡಬೇಕಾಗುತ್ತದೆ. ಅದಿಲ್ಲದಿದ್ದರೆ, ಕ್ಯೂಎಮುವಿನ 2017ರ 2.9 ಆವೃತ್ತಿಯಿಂದ ಈಚೆಗೆ, ಇಂಟೆಲ್ ಮೇಲೆ ಎಆರ್‌ಎಂ ಓಡಿಸುವ ನಿಮ್ಮಂಥ ಜೋಡಿಗೆ ಪ್ರೊಸೆಸರ್‌ಗೊಂದು ಥ್ರೆಡ್ ಸಿಗುತ್ತದೆ. ಯಾವುದೋ ಬಗ್ ಅನ್ನು ಪ್ರತಿಸಲ ಒಂದೇ ರೀತಿ ಮರುಕಳಿಸಿ ಹಿಡಿಯಬೇಕಾದಾಗ ಮಾತ್ರ ಐಕೌಂಟ್ ಮತ್ತೆ ಹಾಕಿಕೊಳ್ಳಿ.