ಮುಂದಿನ ಪ್ರಧಾನಿ ಯಾರಾದರೆ ಒಳ್ಳೆಯದು?

ನಾವು ಪ್ರಧಾನಿಗೆ ನೇರವಾಗಿ ವೋಟು ಹಾಕುವುದಿಲ್ಲ. 543 ಸೀಟಿನ ಲೋಕಸಭೆಯಲ್ಲಿ ಬಹುಮತಕ್ಕೆ 272 ಬೇಕು. ಅಷ್ಟು ಜನ ಯಾರ ಹಿಂದೆ ನಿಲ್ಲುತ್ತಾರೆ ಎನ್ನುವುದು ಎಷ್ಟೋ ಸಲ ಫಲಿತಾಂಶ ಬಂದ ಮೇಲೇ ಗೊತ್ತಾಗುವುದು.

1996ನ್ನೇ ನೋಡಿ. ವಾಜಪೇಯಿ ಸರ್ಕಾರ 13 ದಿನಕ್ಕೆ ಬಿತ್ತು. ಕಾಂಗ್ರೆಸ್, ಬಿಜೆಪಿ ಬಿಟ್ಟು ಬೇರೆ ಪಕ್ಷಗಳು ಸೇರಿ ಕಟ್ಟಿದ್ದ ಸಂಯುಕ್ತ ರಂಗದವರು ಮಾಜಿ ಪ್ರಧಾನಿ ವಿ.ಪಿ. ಸಿಂಗ್ ಅವರನ್ನು ಪ್ರಧಾನಿಯಾಗಿ ಅಂತ ಕೇಳಿದರು, ಅವರು ಒಪ್ಪಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರಿಗೆ ಅವರ ಪಕ್ಷ ಸಿಪಿಎಂ ಬೇಡ ಅಂತು. ಕೊನೆಗೆ ನಮ್ಮ ಮುಖ್ಯಮಂತ್ರಿಯಾಗಿದ್ದ ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಆಗ ಅವರು ಸಂಸದರೂ ಆಗಿರಲಿಲ್ಲ! ಹನ್ನೊಂದು ತಿಂಗಳೂ ತುಂಬದ ಆ ಅವಧಿಯಲ್ಲೇ ಗಂಗಾ ನೀರು ಹಂಚಿಕೆಗೆ ಬಾಂಗ್ಲಾದೇಶದ ಜೊತೆ 30 ವರ್ಷದ ಒಪ್ಪಂದ ಆಯಿತು. ಇದು ಸಣ್ಣ ಕೆಲಸ ಅಲ್ಲ.

ಹಾಗಾಗಿ ಭಾಷಣಕ್ಕೆ ನಾನು ಜಾಸ್ತಿ ಅಂಕ ಕೊಡುವುದಿಲ್ಲ. ಮಿತ್ರಪಕ್ಷಗಳನ್ನು ಜೊತೆಗಿಟ್ಟುಕೊಂಡು ಹೋಗ್ತಾರಾ? ರಾಜ್ಯಗಳ ಮಾತು ಕೇಳ್ತಾರಾ? ಹಿಂದೆ ಸಿಕ್ಕ ಖಾತೆಯಲ್ಲಿ ಏನು ಮಾಡಿದ್ದಾರೆ? ನನಗೆ ಮುಖ್ಯ ಅನಿಸುವುದು ಇವು. ನಿಮ್ಮ ಮನಸ್ಸಿನಲ್ಲಿರುವವರು ಲೋಕಸಭೆಯಲ್ಲಿ ಏನು ಮಾತಾಡಿದ್ದಾರೆ ಅಂತ ಒಮ್ಮೆ ಓದಿ, ಕಲಾಪದ ದಾಖಲೆ ಸಂಸತ್ತಿನ ವೆಬ್‌ಸೈಟಿನಲ್ಲೇ ಸಿಗುತ್ತದೆ.